ಗೋಡೆಯ ಮೇಲಿನ ತಾತ

"ಮೊದ್ಲು ನಾನು ಅವನು ಹೌದೋ ಅಲ್ವೋ, ಅದನ್ನ ಹೇಳಮ್ಮ," ಎಂದು ಶೇಷಗಿರಿ ಮತ್ತೊಮ್ಮೆ ಕೇಳಿದರು.

ಧಾರಾವಾಹಿಯ ಸಹನಿರ್ದೇಶಕಿ ಬಿಂದುಶ್ರೀ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅವರು ಹೊದೆಯಬೇಕಾದ ಮಾಸಿದ ಶಲ್ಯ ಹಿಡಿದು ನಿಂತಿದ್ದಳು. "ಸಾರ್, ಅದು ಚಾನೆಲ್‌ನಿಂದ ಬರ್ಬೇಕು. ಬೆಳಿಗ್ಗೆಯಿಂದ ಡಿಸ್ಕಷನ್ ನಡೀತಾನೇ ಇದೆ. ನೀವು ಬಾಗ್ಲಲ್ಲಿ ನಿಂತ್ಕೊಂಡು ಸುಮ್ನೆ ಒಳಗಡೆ ನೋಡಿ ಸಾರ್, ಸಾಕು."

"ನೋಡೋದು ಯಾರಮ್ಮ? ಸತ್ತ ಅಂದ್ಕೊಂಡಿದ್ದ ಯಜಮಾನ ವಾಪಸ್ ಬಂದು ತನ್ನ ಮನೆ ನೋಡ್ತಾನೋ, ಆಸ್ತಿ ಹೊಡ್ಯೋಕೆ ಬಂದ ಕಳ್ಳ ಬೇರೆಯೋರ ಮನೆ ನೋಡ್ತಾನೋ? ಎರಡೂ ಒಂದೇ ನೋಟನಾ?"

ಅವಳು ಶಲ್ಯವನ್ನು ಅವರ ಹೆಗಲಿಗೆ ಹಾಕಿ, "ರಘು ಸಾರ್‌ನ ಕೇಳ್ಕೊಂಡ್ ಬರ್ತೀನಿ," ಎಂದು ಜಾರಿಕೊಂಡಳು.

ಉತ್ತರಹಳ್ಳಿಯ ಆ ಶೂಟಿಂಗ್ ಮನೆಯ ಹಜಾರದಲ್ಲಿ, ಗಂಧದ ಹಾರ ಹಾಕಿಸಿಕೊಂಡು ಶೇಷಗಿರಿಯವರ ಫೋಟೋ ಎರಡು ವರ್ಷದಿಂದ ನೇತಾಡುತ್ತಿತ್ತು. ಕಥೆಯ ಪ್ರಕಾರ ಮನೆಯ ಹಿರಿಯ ಕಾಶಿಗೆ ಹೋಗಿದ್ದಾಗ ಗಂಗೆಯಲ್ಲಿ ಕಾಲು ಜಾರಿದ್ದ, ಹೆಣ ಸಿಕ್ಕಿರಲಿಲ್ಲ. ಆ ಧಾರಾವಾಹಿಯಲ್ಲಿ ಶೇಷಗಿರಿಯವರ ಪಾತ್ರವೆಂದರೆ ಅಷ್ಟೇ, ಒಂದು ಫೋಟೋ ಕೊಟ್ಟಿದ್ದು. ದಿನಾ ಸಂಜೆ ಸೊಸೆ ಅದರ ಮುಂದೆ ಕೈಮುಗಿದು ಅಳುವಳು, ಅತ್ತೆ ಅದರ ಮೇಲೆ ಆಣೆ ಹಾಕುವಳು, ಖಳನಾಯಕ ಅದನ್ನು ನೋಡಿ ಮೀಸೆ ತಿರುವುವನು. ಇಷ್ಟೆಲ್ಲ ಮಾತಿನ ನಡುವೆ ಬಾಯಿ ಬಿಡದೆ ಇದ್ದವರು ಇವರೊಬ್ಬರೇ. ಈಗ ನೋಡುವವರ ಸಂಖ್ಯೆ ಕುಸಿದಿತ್ತು. ಯಾರಿಗೋ ಹೆಣ ಸಿಕ್ಕಿರಲಿಲ್ಲವೆಂಬುದು ನೆನಪಾಗಿತ್ತು. ಗಂಗೆಯಲ್ಲಿ ಮುಳುಗಿದವನನ್ನು ಮೇಲೆತ್ತಲು ರೇಟಿಂಗ್ ಮುಳುಗಬೇಕಾಯಿತು ನೋಡಿ!

ಶೇಷಗಿರಿಯವರಿಗೆ ಇದು ಆಟದ ಮಾತಾಗಿರಲಿಲ್ಲ. ಬಂದವನು ನಿಜವಾದ ತಾತನೇ ಆದರೆ, ಧಾರಾವಾಹಿ ಮುಗಿಯುವವರೆಗೂ ಆ ಹಜಾರದ ಉಯ್ಯಾಲೆ ಅವರದು. ದಿನಾ ಬಣ್ಣ, ದಿನಾ ಮಾತು. ಕಳ್ಳನಾದರೆ ಎರಡು ವಾರ ಕಳೆಯುವುದರೊಳಗೆ ಪೊಲೀಸ್ ಜೀಪು ಹತ್ತಿ ಹೋದಂತೆ. ಎಪ್ಪತ್ತು ದಾಟಿದವರನ್ನು ಜೀಪಿನಿಂದ ಇಳಿಸಿ ಕರೆದುಕೊಂಡು ಬರುವ ಕಥೆ ಯಾರೂ ಬರೆಯುವುದಿಲ್ಲ. ಇದೇ ಕೊನೆಯ ಕರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ದಿನದಿಂದ ಊಟ ಸೇರಿರಲಿಲ್ಲ.

ಅವರು ಎಷ್ಟು ಚಿತ್ರಗಳಲ್ಲಿ ನಟಿಸಿದ್ದರೋ, ಲೆಕ್ಕ ಇಟ್ಟವರಿಲ್ಲ. ತಂತಿ ತರುವ ಪೋಸ್ಟ್‌ಮ್ಯಾನ್, ಕನ್ನಡಕ ತೆಗೆದು ತಲೆಯಾಡಿಸುವ ಡಾಕ್ಟರು, ಹೊಡೆದಾಟವೆಲ್ಲ ಮುಗಿದ ಮೇಲೆ ಬರುವ ಇನ್ಸ್‌ಪೆಕ್ಟರು, ಬೀಗರ ಕಾಲಿಗೆ ಪೇಟ ಇಡುವ ಹೆಣ್ಣಿನ ತಂದೆ. ಬೆಳಿಗ್ಗೆ ಒಂದು ಸ್ಟುಡಿಯೋದಲ್ಲಿ ಮಗಳನ್ನು ಧಾರೆ ಎರೆದು, ಮಧ್ಯಾಹ್ನ ಇನ್ನೊಂದರಲ್ಲಿ ಅವಳನ್ನೇ ಜೈಲಿಗೆ ಕಳಿಸುವ ನ್ಯಾಯಾಧೀಶರಾದದ್ದೂ ಉಂಟು. ಊರಿಗೆಲ್ಲ ಗೊತ್ತಿರುವ ಮುಖ, ಯಾರಿಗೂ ಗೊತ್ತಿಲ್ಲದ ಹೆಸರು. ಜಯನಗರದ ಕಾಂಪ್ಲೆಕ್ಸ್‌ನಲ್ಲಿ ತರಕಾರಿ ಆರಿಸುತ್ತಿದ್ದರೆ ಯಾರಾದರೂ ನಿಂತು, "ಸಾರ್, ನಿಮ್ಮನ್ನ ಎಲ್ಲೋ ನೋಡಿದೀನಲ್ಲ, ಬ್ಯಾಂಕಲ್ಲಿದ್ರಾ?" ಎನ್ನುವರು. ಬ್ಯಾಂಕ್ ಮ್ಯಾನೇಜರನ ಪಾತ್ರವನ್ನೂ ಮಾಡಿದ್ದರಿಂದ ಅವರು "ಇದ್ದೆ" ಎಂದುಬಿಡುತ್ತಿದ್ದರು.

ಆದರೆ ಎಷ್ಟೇ ಚಿಕ್ಕ ಪಾತ್ರವಾಗಲಿ, ಇವನು ಯಾರು ಎಂದು ತಮಗೆ ತಾವೇ ಒಂದು ತೀರ್ಮಾನ ಮಾಡಿಕೊಳ್ಳದೆ ಕ್ಯಾಮೆರಾ ಮುಂದೆ ಹೋದವರಲ್ಲ. ಫೈಲು ತಂದಿಟ್ಟು ಹೋಗುವ ಗುಮಾಸ್ತನಿಗೂ ಮನೆಯಲ್ಲಿ ಜ್ವರದಿಂದ ಮಲಗಿದ ಮಗುವನ್ನು ಕೊಟ್ಟು, ಆ ಅವಸರದಲ್ಲಿ ನಡೆದಿದ್ದರು. ಹಾಗಿರುವಾಗ ಹೌದೂ ಅಲ್ಲ, ಅಲ್ಲವೂ ಅಲ್ಲ ಎನ್ನುವ ಈ ತ್ರಿಶಂಕುವನ್ನು ಏನು ಮಾಡುವುದು? ಹೆಜ್ಜೆ ಎಲ್ಲಿಂದ ಎತ್ತುವುದು?

"ಅಯ್ಯೋ ಸಿವನೇ! ಬದ್ಕಿದ್ದೀರಾ ಸಾಮಿ?"

ಮೆಟ್ಟಿಲ ಬಳಿ ಮುನಿಲಕ್ಷ್ಮಮ್ಮ ಎದೆ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಮನೆ ಅವರದೇ. ಹೊಲವಿದ್ದ ಜಾಗದಲ್ಲಿ ಎದ್ದ ಮನೆ. ಕೆಳಗಡೆಯದನ್ನು ಶೂಟಿಂಗಿಗೆ ಬಾಡಿಗೆಗೆ ಕೊಟ್ಟು ತಾವು ಮೇಲಿದ್ದರು.

"ಬದುಕಿದೀನಿ ತಾಯಿ," ಎಂದರು ಶೇಷಗಿರಿ.

"ಮತ್ಯಾಕೆ ಯಾರೂ ಒಂದು ಮಾತು ಹೇಳ್ನಿಲ್ಲ? ಎಲ್ಡು ವರ್ಸದಿಂದ ಸುಕ್ರವಾರ ಸುಕ್ರವಾರ ನಿಮಗೆ ಹೂವ ಇಕ್ತಾ ಇವ್ನಿ. ಯಾರಾದ್ರೇನು, ಹಾರ ಹಾಕಿದ್‌ಮ್ಯಾಕೆ ಮನೇಲಿ ಬರಿದಾಗಿ ಬುಡಬಾರ್ದು ಅಂತ. ಪಿತೃಪಕ್ಸದಾಗೆ ಎಡೇನೂ ಇಟ್ಟಿದ್ದೆ ಕಣ್ಸಾಮಿ!"

ನಗಬೇಕೋ ಕೈಮುಗಿಯಬೇಕೋ ತಿಳಿಯದೆ ಶೇಷಗಿರಿ ಎರಡನ್ನೂ ಅರ್ಧರ್ಧ ಮಾಡಿದರು.

ಅಷ್ಟರಲ್ಲಿ ನಿರ್ದೇಶಕ ರಘು ಬಂದ. ಮೂವತ್ತರ ಆಸುಪಾಸಿನ ಹುಡುಗ, ಒಳ್ಳೆಯವನೇ, ನಿದ್ದೆಗೆಟ್ಟ ಕಣ್ಣು. "ಸಾರ್, ಬಿಂದು ಹೇಳಿದ್ಳು. ಒಂದ್ ಕೆಲ್ಸ ಮಾಡಿ, ಮಧ್ಯದಲ್ಲಿ ಇಟ್ಕೊಳಿ."

"ಮಧ್ಯದಲ್ಲಿ ಅಂದ್ರೆ?"

"ಫಿಫ್ಟಿ ಫಿಫ್ಟಿ. ನೋಡೋರಿಗೆ ಹೌದು ಅನ್ಸ್‌ಬೇಕು, ಡೌಟೂ ಬರ್ಬೇಕು."

"ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತೀಯ."

"ಕರೆಕ್ಟ್ ಸಾರ್!" ಎಂದು ರಘು ಹಾಳೆಯನ್ನು ಚಾಚಿದ. ಅಜ್ಜಿಯ ಮಾತು ಉದ್ದಕ್ಕೆ ಬರೆದಿತ್ತು. ಅದರ ಕೆಳಗೆ, ತಾತ ತಾನೇ ತಾತನೆಂದು ಸಾಬೀತು ಮಾಡುತ್ತಾನೆ ಎಂಬ ಒಂದೇ ಸಾಲು. ಮಾತಿನ ಜಾಗ ಖಾಲಿ. "ಡೈಲಾಗ್ ಬರೆಯೋರಿಗೆ ಟೈಮ್ ಸಿಗ್ಲಿಲ್ಲ. ನೀವೇ ಏನಾದ್ರೂ ಹಾಕ್ಕೊಳಿ ಸಾರ್. ನಿಮ್ಗಿಲ್ದಿರೋ ಎಕ್ಸ್‌ಪೀರಿಯೆನ್ಸಾ?"

ಬೇರೆಯವರು ಬರೆದ ಮಾತನ್ನೇ ಒಂದು ಅಕ್ಷರ ಆಚೀಚೆ ಮಾಡದೆ ಆಡಿ ಮುದುಕರಾದವರಿಗೆ, ನಿಮ್ಮದೇ ಮಾತು ಆಡಿ ಎಂದವನು ಇವನೇ ಮೊದಲಿಗ.

ಲೈಟುಗಳು ಹತ್ತಿದವು. ಅಜ್ಜಿಯಾಗಿ ನಿಂತಿದ್ದವಳು ವಿಮಲಾ. ಎಷ್ಟೋ ವರ್ಷಗಳ ಹಿಂದೆ ಇವರ ಮಗಳಾಗಿ ನಟಿಸಿದ್ದಳು. ಈಗ ತಲೆಗೆ ಬಿಳಿ ಬಳಿದುಕೊಂಡು ಹೆಂಡತಿ. ಬಣ್ಣದ ಲೋಕದ ನೆಂಟಸ್ತನಕ್ಕೆ ತಲೆಬುಡ ಇಲ್ಲ ಬಿಡಿ. ಶೇಷಗಿರಿ ಹೊಸ್ತಿಲ ಬಳಿ ನಿಂತರು. ಮನೆಯವರೆಲ್ಲ ಗಾಬರಿಯಿಂದ ಎದ್ದರು. ವಿಮಲಾ ನಡುಗುತ್ತ ಮುಂದೆ ಬಂದು, "ನೀವು ಅವರೇ ಆಗಿದ್ದರೆ, ನಮ್ಮಿಬ್ಬರಿಗೆ ಮಾತ್ರ ಗೊತ್ತಿರೋ ಒಂದು ಮಾತು ಹೇಳಿ!" ಎಂದಳು.

ಏನು ಹೇಳುವುದು? ಗುಮಾಸ್ತನಿಗೆ ಜ್ವರದ ಮಗುವನ್ನು ಕೊಟ್ಟ ತಲೆಯಲ್ಲಿ ಈಗ ಒಂದು ಎಳೆಯೂ ಹುಟ್ಟಲಿಲ್ಲ. ದಿಕ್ಕು ತೋಚದೆ ಗೋಡೆ ನೋಡಿದರು. ಅಲ್ಲಿ ತಾವೇ ಇದ್ದರು. ಹಾರದ ಎಡಗಡೆ, ಫೋಟೋದ ಅಂಚಿನಲ್ಲಿ, ಬೆರಳಗಲದ ಹಸಿರು ಪಟ್ಟಿ ಕಾಣಿಸಿತು. ಅದು ಅವರ ಹೆಂಡತಿ ಸೀತಾಲಕ್ಷ್ಮಿಯ ಸೀರೆ. ಅವರ ಷಷ್ಟಿಪೂರ್ತಿಯ ದಿನ ಗಂಡಹೆಂಡತಿ ಒಟ್ಟಿಗೆ ನಿಂತು ತೆಗೆಸಿಕೊಂಡ ಫೋಟೋ ಅದು. ಧಾರಾವಾಹಿಯವರು ಹೆಂಡತಿಯನ್ನು ಕತ್ತರಿಸಿ ಇವರನ್ನಷ್ಟೇ ಉಳಿಸಿಕೊಂಡಿದ್ದರು. ಪೂರ್ತಿ ಕತ್ತರಿಸಲು ಆಗಿರಲಿಲ್ಲ.

ಆ ಹಸಿರು ಕಂಡದ್ದೇ ತಡ, ಮಾತು ತಾನಾಗಿ ಬಂತು.

"ಆ ಫೋಟೋ ತೆಗೆಯುವಾಗ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ," ಎಂದರು, ವಿಮಲಾಳ ಕಡೆ ತಿರುಗದೆ. "ನನ್ನ ಕಿವಿ ಹತ್ತಿರ ಬಾಗಿ ಒಂದು ಮಾತು ಹೇಳಿದೆ. ಇನ್ನು ಮೇಲೆ ಎಲ್ಲಿಗೆ ಹೋದರೂ ದೀಪ ಹಚ್ಚೋ ಹೊತ್ತಿಗೆ ಮನೆಗೆ ಬನ್ನಿ, ಒಬ್ಬಳೇ ದೀಪ ಹಚ್ಚಿ ಹಚ್ಚಿ ನನಗೆ ಸಾಕಾಗಿದೆ ಅಂದೆ. ನಾನು ಹೂಂ ಅಂದಿದ್ದೆ. ಬರೋಕಾಗಲಿಲ್ಲ. ತಡವಾಯ್ತು."

ಕೊನೆಯ ಮಾತಿಗೆ ಹೆಗಲ ಶಲ್ಯದಿಂದ ಕಣ್ಣೊರೆಸಿಕೊಂಡರು. ಅದು ನಟನೆಯಾಗಿರಲಿಲ್ಲ. ರಘು ಕಟ್ ಹೇಳುವುದನ್ನೇ ಮರೆತ. ಕಣ್ಣೀರು ಬರಿಸುವ ಗ್ಲಿಸರಿನ್ ಹಾಕಿಕೊಳ್ಳದೆಯೇ ವಿಮಲಾ ಅಳುತ್ತಿದ್ದಳು. ಮೆಟ್ಟಿಲ ಬಳಿಯಿಂದ ಮುನಿಲಕ್ಷ್ಮಮ್ಮ, "ಇವ್ರೇ ಕಣವ್ವ, ಇವ್ರೇ!" ಎಂದು ಜೋರಾಗಿಯೇ ಹೇಳಿದ್ದರಿಂದ ಆ ಶಾಟ್‌ನ ಕೊನೆಯ ತುಣುಕು ಕೆಟ್ಟಿತು.

"ಸಖತ್ ಸಾರ್, ಸಖತ್," ಎಂದು ರಘು ಕಾಲಿಗೇ ಬೀಳಲು ಬಂದ.

"ಹಾಗಾದ್ರೆ ನಾನು ಅವನೇ ತಾನೆ?"

"ಚಾನೆಲ್‌ಗೆ ಕಳಿಸ್ತೀವಿ ಸಾರ್. ನಾಳೆ ಟೆಲಿಕಾಸ್ಟ್ ನೋಡ್ಕೊಂಡು ಹೇಳ್ತಾರೆ."

ಮಾರನೆಯ ಸಂಜೆ ಬನಶಂಕರಿಯ ಮನೆಯಲ್ಲಿ ಸೀತಾಲಕ್ಷ್ಮಿ ದೇವರ ಮುಂದೆ ದೀಪ ಹಚ್ಚಿಟ್ಟು ಬಂದು ಟಿವಿ ಎದುರು ಕೂತರು. ಎರಡು ವರ್ಷದಿಂದ ಅವರು ಆ ಚಾನೆಲ್ಲಿನ ಕಡೆ ತಲೆ ಹಾಕಿರಲಿಲ್ಲ. ಬದುಕಿರುವ ಗಂಡನಿಗೆ ಹಾರ ಹಾಕಿದ್ದನ್ನು ಯಾವ ಹೆಂಗಸು ನೋಡಿಯಾಳು? ಫೋಟೋ ಕೊಟ್ಟ ದಿನ ಗಂಡನ ಮೇಲೆ ಹರಿಹಾಯ್ದಿದ್ದರು. ಇವತ್ತು ಹಾರ ಇಳಿಯುತ್ತದಂತೆ ಎಂದು ಕೂತಿದ್ದರು. ಶೇಷಗಿರಿ ಟಿವಿಯನ್ನು ನೋಡಲಿಲ್ಲ, ಹೆಂಡತಿಯ ಮುಖವನ್ನೇ ನೋಡಿದರು. ತಮ್ಮಿಬ್ಬರ ಮಾತನ್ನು ಊರೆಲ್ಲ ಕೇಳುವಂತೆ ಆಡಿಬಿಟ್ಟೆನಲ್ಲ, ಬೈತಾಳೋ, ಅಳ್ತಾಳೋ ಎಂಬ ಅಂಜಿಕೆ.

ಟಿವಿಯೊಳಗಿನ ಶೇಷಗಿರಿ ಮಾತು ಮುಗಿಸಿದರು. ಸೀತಾಲಕ್ಷ್ಮಿ ರಿಮೋಟ್ ಒತ್ತಿ ಸದ್ದು ತಗ್ಗಿಸಿದರು.

"ಚೆನ್ನಾಗ್ ಮಾಡಿದೀರಿ. ಅದ್ಯಾವ ಪಿಕ್ಚರ್ ಮಾತು ಅದು?"

"ಪಿಕ್ಚರ್ ಮಾತಾ? ನೀನೇ ಅಂದಿದ್ದಲ್ವೇ! ಷಷ್ಟಿಪೂರ್ತಿ ದಿನ, ಫೋಟೋಗೆ ನಿಲ್ಸಿದಾಗ."

"ನಾನಾ?" ಸೀತಾಲಕ್ಷ್ಮಿ ನಕ್ಕರು. "ದೀಪ ಹಚ್ಚಿ ಸಾಕಾಗಿದೆ ಅಂತ ನನ್ನ ಬಾಯಲ್ಲಿ ಬರತ್ತಾ? ಬಿಡ್ತು ಅನ್ನಿ. ಹಾಗೆಲ್ಲ ನಾನ್ಯಾವತ್ತು ಮಾತಾಡಿದೀನಿ? ನಿಮ್ಮ ಸಿನಿಮಾದ ಹೆಂಡ್ತೀರು ಯಾರೋ ಅಂದಿರ್ಬೇಕು."

"ಕಿವಿ ಹತ್ರ ಬಂದು ಅಂದೆ ಕಣೇ. ನನಗೆ ನೆನಪಿದೆ."

"ಅವತ್ತು ಹೋಮದ ಹೊಗೆಗೆ ಕಣ್ಣು ಉರಿದು ಉರಿದು ಯಾವಾಗ ಮುಗಿಯತ್ತಪ್ಪಾ ಅಂತ ನಿಂತಿದ್ದೆ. ಮಾತಾಡೋ ಸ್ಥಿತಿ ಎಲ್ಲಿತ್ತು?"

ಇನ್ನೂ ಏನೋ ತಮಾಷೆ ಮಾಡುವುದರಲ್ಲಿದ್ದವರು ಗಂಡನ ಮುಖ ನೋಡಿ ನಿಲ್ಲಿಸಿದರು. "ಹೋಗ್ಲಿ ಬಿಡಿ. ಅಂದಿದ್ರೂ ಅಂದಿರ್ಬಹುದು. ನನಗೂ ವಯಸ್ಸಾಯ್ತು," ಎಂದು ಮೊಣಕಾಲು ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದರು.

ಅದು ಸಮಾಧಾನದ ಮಾತು. ಅಂಥ ಮಾತನ್ನು ಡಾಕ್ಟರಾಗಿ, ಲಾಯರಾಗಿ, ಪಕ್ಕದ ಮನೆಯವರಾಗಿ ಶೇಷಗಿರಿ ಎಷ್ಟು ಜನಕ್ಕೆ ಹೇಳಿದ್ದರೋ! ಅದರ ರಾಗ ಅವರಿಗೆ ಗೊತ್ತಿರಲಿಲ್ಲವೇ? ಕೂತಲ್ಲೇ ಕಣ್ಣು ಮುಚ್ಚಿದರು. ಮಾತು ಸ್ಪಷ್ಟವಾಗಿ ನೆನಪಿತ್ತು. ಮಾತಿನ ಜೊತೆ ಕಿವಿಗೆ ತಾಗಿದ ಬಿಸಿಯೂ ನೆನಪಿತ್ತು. ಆದರೆ ಅದು ಹೋಮದ ಬಿಸಿಯೋ, ಸ್ಟುಡಿಯೋ ದೀಪಗಳ ಬಿಸಿಯೋ? ಹಸಿರು ಸೀರೆ ಇತ್ತು. ಹಸಿರು ಸೀರೆ ಉಟ್ಟವರು ಎಷ್ಟು ಜನ! ಧ್ವನಿ ಸೀತಾಲಕ್ಷ್ಮಿಯದೇ ಅನ್ನಿಸಿತು. ಇನ್ನೊಂದು ಸಲ ಕೇಳಿಸಿಕೊಂಡರೆ ಡಬ್ಬಿಂಗ್ ಕೋಣೆಯಲ್ಲಿ ಕೇಳಿದ ಯಾರದೋ ಧ್ವನಿಯಂತಿತ್ತು. ಇದೊಂದು ನನ್ನದಲ್ಲದಿದ್ದರೆ ಇನ್ನು ಯಾವುದು ನನ್ನದು ಎಂದು ಹೆದರಿಕೆಯೇ ಆಯಿತು. ಮಗಳ ಮದುವೆಯಲ್ಲಿ ಅತ್ತದ್ದು, ಅಪ್ಪನ ಕೊನೆಯ ಮಾತು, ಅವನ್ನೆಲ್ಲ ಯಾರನ್ನು ಕೇಳಿ ಖಾತ್ರಿ ಮಾಡಿಕೊಳ್ಳುವುದು?

ಫೋನು ಹೊಡೆದುಕೊಂಡಿತು.

"ಸಾರ್, ಬಿಂದು ಮಾತಾಡ್ತಿರೋದು. ಕಂಗ್ರಾಟ್ಸ್ ಸಾರ್! ಫೈನಲ್ ಆಯ್ತು. ನೀವು ಅವರೇ ಸಾರ್!"

"ಯಾರು?"

"ತಾತ ಸಾರ್, ಒರಿಜಿನಲ್ ತಾತ! ಆ ದೀಪದ ಮಾತು ಕೇಳಿ ಚಾನೆಲ್‌ನೋರು ಇವ್ರು ಸುಳ್ಳು ಹೇಳೋಕೆ ಸಾಧ್ಯನೇ ಇಲ್ಲ ಅಂದ್ಬಿಟ್ರಂತೆ. ನಾಳೆಯಿಂದ ಡೈಲಿ ಇರತ್ತೆ ನಿಮ್ಗೆ."

ಶೇಷಗಿರಿ ಫೋನನ್ನು ಕಿವಿಗೆ ಹಿಡಿದುಕೊಂಡೇ ಎದ್ದು ಹಜಾರದ ಗೋಡೆಯ ಹತ್ತಿರ ಹೋದರು. ಷಷ್ಟಿಪೂರ್ತಿಯ ಫೋಟೋ ಇಲ್ಲಿ ಪೂರ್ತಿ ಇತ್ತು, ಯಾರನ್ನೂ ಕತ್ತರಿಸಿರಲಿಲ್ಲ. ಹೂವಿನ ಹಾರ ಹಾಕಿಕೊಂಡ ಅವರು ಕ್ಯಾಮೆರಾ ನೋಡುತ್ತಿದ್ದರು. ಪಕ್ಕದಲ್ಲಿ ಹಸಿರು ರೇಷ್ಮೆ ಉಟ್ಟ ಸೀತಾಲಕ್ಷ್ಮಿ ಗಂಡನ ಕಡೆಗೆ ಬಾಗಿದ್ದರು. ಕಣ್ಣು ಕೆಂಪಗಿತ್ತು. ತುಟಿ ಅರ್ಧ ತೆರೆದಿತ್ತು, ಏನೋ ಹೇಳಲು ಹೊರಟಂತೆಯೋ, ಹೇಳಿ ಮುಗಿಸಿದಂತೆಯೋ.

ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಅಂದಿತು.

"ಸಾರ್? ಕೇಳಿಸ್ತಾ ಸಾರ್?" ಎಂದಳು ಬಿಂದುಶ್ರೀ ಒಂದು ಕಿವಿಯಲ್ಲಿ.

ಶೇಷಗಿರಿ ಕುತ್ತಿಗೆ ಬಾಗಿಸಿ ಇನ್ನೊಂದು ಕಿವಿಯನ್ನು ಫೋಟೋದ ಗಾಜಿಗೆ ಹತ್ತಿರ ತಂದರು.