ಸಂಘಮಿತ್ರಾ ಕೂರುವ ಜಾಗ

ಕಟ್ಟಾಯದ ಹತ್ತಿರದ ಒಂದು ಊರಿನಲ್ಲಿ ಕಳೆದ ವರ್ಷ ಬಹಳ ದೊಡ್ಡ ಪ್ರಶ್ನೆಯೊಂದು ಎದ್ದಿತ್ತು. ಕೆರೆ ಒತ್ತುವರಿ, ಬಸ್ಸು ನಿಲ್ಲಿಸದ ಡ್ರೈವರು ಇಂಥ ಸಣ್ಣಪುಟ್ಟ ವಿಷಯಗಳೆಲ್ಲ ತಮ್ಮಷ್ಟಕ್ಕೆ ತಾವು ಬಿದ್ದಿದ್ದವು. ಪ್ರಶ್ನೆ ಇದು: ಮಂಚಯ್ಯನ ಮೊಮ್ಮಗಳು ಸಂಘಮಿತ್ರಾ ಅಂಗನವಾಡಿಗೆ ಹೋಗುವಾಗ ಮೊದಲು ಕೂರುವುದು ಹಾಲಿನ ಡೈರಿಯ ಮುಂದೋ, ದೊಡ್ಡಯ್ಯನ ಜಗಲಿಯ ಮುಂದೋ?

ನಾಲ್ಕು ವರ್ಷದ ಆ ಹುಡುಗಿ ಒಂದಷ್ಟು ದೂರ ನಡೆಯುತ್ತಿದ್ದಳು. ಆಮೇಲೆ ಮೊಣಕಾಲನ್ನು ಎದೆಗೊತ್ತಿಕೊಂಡು ಕುಕ್ಕರಗಾಲಿನಲ್ಲಿ ಕೂರುತ್ತಿದ್ದಳು. ಎರಡು ನಿಮಿಷ ಲೋಕವನ್ನು ನೋಡಿ, ಎದ್ದು ಮುಂದಕ್ಕೆ ಹೋಗುತ್ತಿದ್ದಳು. ಊರಿಗೆ ಇದೊಂದು ಮುದ್ದಾದ ನೋಟ.

"ಡೈರಿ ಮುಂದೆ ಕಣಯ್ಯ. ನನ್ನ ಕಣ್ಣಾರೆ ನೋಡಿವ್ನಿ," ಎನ್ನುತ್ತಿದ್ದರು ಡೈರಿಯಲ್ಲಿ ಹಾಲು ಅಳೆಯುವ ಚನ್ನಬಸವಯ್ಯ.

"ಯಾವ ಕಾಲದ ಮಾತಾಡ್ತೀಯ? ನನ್ ಜಗಲಿ ಮುಂದೆ ಕೂತು, ಬೆಲ್ಲದ ಚೂರು ಈಸ್ಕಂಡೇ ಅವ್ಳು ಮುಂದಕ್ಕೋಗದು," ಎನ್ನುತ್ತಿದ್ದ ದೊಡ್ಡಯ್ಯ.

ಊರ ಕೆರೆಯ ತೂಬು ನೋಡಿಕೊಳ್ಳುವ ಮಂಚಯ್ಯ ಈ ಜಗಳದಲ್ಲಿ ತಲೆ ಹಾಕುತ್ತಿರಲಿಲ್ಲ. ಅವನಿಗೆ ಗೊತ್ತಿದ್ದ ಸತ್ಯ ಇದಕ್ಕಿಂತ ದೊಡ್ಡದು. ಒಂಬತ್ತು ವರ್ಷದ ಹಿಂದೆ ತೀರಿಕೊಂಡ ಅವನ ತಾಯಿ ಮುದ್ದಮ್ಮ ಹೀಗೇ ಕೂರುತ್ತಿದ್ದಳು. ಕಳೆ ಕೀಳುವಾಗ, ಕೆರೆ ಏರಿಯ ಮೇಲೆ, ರೇಷನ್ ಅಂಗಡಿ ಮುಂದೆ, ಎಲ್ಲೆಂದರಲ್ಲಿ ಕುಕ್ಕರಗಾಲು. ಹೊಗೆಸೊಪ್ಪು ಜಗಿದು ಜಗಿದು ಅವಳ ತುಟಿ ಕಪ್ಪಿಟ್ಟಿತ್ತು. ಮೊಮ್ಮಗಳ ತುಟಿ ನೇರಳೆ ಹಣ್ಣು ತಿಂದ ಹಾಗೆ. ಇನ್ನೇನು ಬೇಕು?

"ನಮ್ಮವ್ವ ತಿರ್ಗಾ ಬಂದವ್ಳೆ," ಎಂದು ಮಂಚಯ್ಯ ತೀರ್ಮಾನ ಮಾಡಿಬಿಟ್ಟಿದ್ದ. ಮಗುವನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಅವ್ವಾ" ಎನ್ನುತ್ತಿದ್ದ. ಅವಳು ಎದುರು ಬಂದರೆ ಬೀಡಿ ಹಿಂದಕ್ಕೆ ಮುಚ್ಚಿಡುತ್ತಿದ್ದ. ಅವ್ವನ ಕಾಲದಲ್ಲಿ ಕಳೆದುಹೋದ ಬೆಳ್ಳಿಯ ಉಡದಾರವನ್ನು ಎಲ್ಲಿಟ್ಟೆ ಎಂದು ಒಮ್ಮೆ ಗುಟ್ಟಾಗಿ ಕೇಳಿದ್ದ. ಮಗು ಕೋಳಿಗೂಡಿನ ಕಡೆ ಕೈ ತೋರಿಸಿತು. ಅಗೆದು ನೋಡಿದ. ಕೋಳಿಗೂಡಿನ ಕೆಳಗೆ ಸಾಮಾನ್ಯವಾಗಿ ಏನಿರುತ್ತದೋ ಅದೇ ಇತ್ತು.

ಮಗ ಮೋಹನ್‌ಕುಮಾರ್ ಹಾಸನದ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದ. ಬುದ್ಧ ವಿಹಾರಕ್ಕೆ ಹೋಗುವವನು, ಮಗಳಿಗೆ ಆ ಹೆಸರಿಟ್ಟವನು. "ಅಜ್ಜಿ ಗಿಜ್ಜಿ ಯಾರೂ ಬಂದಿಲ್ಲ, ಸುಮ್ಕಿರಪ್ಪ," ಎಂದರೆ ಮಂಚಯ್ಯನ ಉತ್ತರ ಸಿದ್ಧವಿತ್ತು.

"ನಿನ್ ಬುದ್ಧನೇ ಐನೂರು ಸಲ ಉಟ್ಟಿದ್ನಂತೆ. ನಮ್ಮವ್ವ ಎಲ್ಡನೇ ಸಲ ಉಟ್ಟಿದ್ರೆ ನಿಂಗೇನ್ಲಾ ಕಷ್ಟ?"

ಸೊಸೆ ನಾಗಲಕ್ಷ್ಮಿಗೆ ಮಾತ್ರ ಎದೆಯಲ್ಲಿ ಅಳುಕು. ಎದೆಹಾಲು ಕುಡಿಯುವ ಕಾಲದಲ್ಲೇ ಮಗು ನಾಲ್ಕು ಗುಟುಕಿಗೆ ಸುಸ್ತಾಗಿ, ಬೆವೆತು, ಬಾಯಿ ಬಿಡುತ್ತಿತ್ತು. ಮೈ ಹತ್ತಲಿಲ್ಲ. ಅತ್ತರೆ ಉಗುರೂ ನೀಲಿ.

"ಮಾವ, ಒಂದ್ಸಲ ದೊಡ್ಡಾಸ್ಪತ್ರೇಲಿ ತೋರ್ಸವಾ."

"ನಮ್ಮವ್ವನೂ ಸಣಕಲಿ ಕಣವ್ವ. ನಮ್ಮವ್ವಂಗೂ ಬೆವ್ರು ಜಾಸ್ತಿ."

ಎಲ್ಲದಕ್ಕೂ ಉತ್ತರವಿರುವ ನಂಬಿಕೆಯ ತೊಂದರೆ ಇದು. ಹಿಡಿದವನು ಬೇರೆ ಪ್ರಶ್ನೆ ಕೇಳುವುದಿಲ್ಲ. ಮಕ್ಕಳನ್ನು ಪರೀಕ್ಷೆ ಮಾಡುವ ಡಾಕ್ಟರ ತಂಡ ಅಂಗನವಾಡಿಗೆ ಬಂದ ದಿನಗಳಲ್ಲೆಲ್ಲ ಮಂಚಯ್ಯ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆಯ ಕಡೆಗೆ ಹೋಗಿಬಿಡುತ್ತಿದ್ದ. ಅವ್ವನಿಗೆ ಸೂಜಿ ಎಂದರೆ ಆಗುತ್ತಿರಲಿಲ್ಲ.

ದೀಪಾವಳಿ ಕಳೆದು ಹದಿನೈದು ದಿನ. ಆಶಾ ಕಾರ್ಯಕರ್ತೆ ನೇತ್ರಾವತಿ ಬಾಣಂತಿಯೊಬ್ಬಳನ್ನು ನೋಡಿಕೊಂಡು ಬರುವಾಗ ಜಗಲಿಯ ಮುಂದೆ ಅದೇ ಜಗಳ ನಡೆದಿತ್ತು. ಮಂಚಯ್ಯನೂ ಅಲ್ಲೇ ಕೂತಿದ್ದ. ನೇತ್ರಾವತಿ ನಿಂತು ಕೇಳಿಸಿಕೊಂಡಳು. ಬೇರೆಯವರ ಜಗಳ ಕೇಳಿಸಿಕೊಳ್ಳುವುದು ಅವಳ ಕೆಲಸದ ಅರ್ಧ ಭಾಗ.

"ಚನ್ನಬಸವಣ್ಣ, ಡೈರಿ ಮುಂದೆ ಕೂರೋದ್ನ ನೀವು ನೋಡಿದ್ದು ಯಾವಾಗ?"

"ಓದ ಉಗಾದಿ ಆಸುಪಾಸಲ್ಲಿ ದಿನಾ ಅಲ್ಲೇ ಕಣವ್ವ."

"ದೊಡ್ಡಯ್ಯಣ್ಣ, ನೀವು?"

"ಇತ್ಲಾಗೆ. ದಸರಾ ಆದ್ಮೇಲಿಂದ."

ನೇತ್ರಾವತಿ ಮಂಚಯ್ಯನ ಮನೆ ಹೊಸಿಲಿನಿಂದ ಜಗಲಿಗೆ ಹೆಜ್ಜೆ ಹಾಕಿದಳು. ಜಗಲಿಯಿಂದ ಡೈರಿಗೆ ಹಾಕಿದಳು. ಹಿಂದಕ್ಕೆ ಬಂದಾಗ ಅವಳ ಮುಖದಲ್ಲಿ ನಗು ಇರಲಿಲ್ಲ.

"ಡೈರಿಗೆ ಎಂಬತ್ತು ಎಜ್ಜೆ. ಜಗಲಿಗೆ ಮೂವತ್ತು. ಇಬ್ರೂ ನಿಜಾನೇ ಏಳ್ತಾ ಇದೀರ. ಉಗಾದೀಲಿ ಎಂಬತ್ತು ಎಜ್ಜೆ ನಡೀತಿದ್ದ ಮಗು ಈಗ ಮೂವತ್ತಕ್ಕೇ ಕೂರ್ತದೆ. ಬರೋ ಉಗಾದಿಗೆ ಒಸ್ಲಲ್ಲೇ ಕೂರ್ತದೆ. ಆಮೇಕೆ?"

ದೊಡ್ಡಯ್ಯ ಕೈಯಲ್ಲಿದ್ದ ಬೆಲ್ಲದ ಚೂರನ್ನು ನೋಡಿದ. ಏಳೆಂಟು ತಿಂಗಳಿಂದ ಊರಿಗೆ ಊರೇ ಮಗುವಿನ ಮೇಲೆ ಕಣ್ಣಿಟ್ಟಿತ್ತು, ಯಾರೊಬ್ಬರೂ ನೋಡಿರಲಿಲ್ಲ.

"ಅವ್ಳು ನಮ್ಮವ್ವ ಕಣವ್ವ. ಕೂರದು ಅವಳ ಅಭ್ಯಾಸ," ಎಂದ ಮಂಚಯ್ಯ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ಆಗ್ಲಿ ದೊಡ್ಡಪ್ಪ, ನಿಮ್ಮವ್ವನೇ ಅಂತ ಇಟ್ಕಳವಾ. ನಿಮ್ಮವ್ವಂಗೆ ಉಸ್ರು ಕಟ್ಟಿದ್ರೆ ಆಸ್ಪತ್ರೆಗೆ ಕರ್ಕಂಡು ಓಗ್ತಿದ್ರೋ, ಇಲ್ವೋ?"

ಮಂಚಯ್ಯ ಕೆರೆಯ ಕಡೆ ತಿರುಗಿದ.

"ಓಗ್ಲಿಲ್ಲ ಕಣವ್ವ. ಆವತ್ತು ಕೆರೆ ಕೋಡಿ ಬಿದ್ದಿತ್ತು. ತೂಬು ಬಿಟ್ಟು ಬರಕ್ಕಾಗ್ಲಿಲ್ಲ. ನಾ ಬರೋ ಒತ್ಗೆ ಅವ್ವ ಎದೆ ಇಡ್ಕಂಡು ಕೂತಿದ್ಲು. ಕೂತಂಗೇ ಇದ್ಲು."

"ಅಂಗಾದ್ರೆ ಈ ಸಲ ಕರ್ಕಂಡೋಗಿ," ಎಂದಳು ನೇತ್ರಾವತಿ.

ಅಂದೇ ಅವಳು ನಾಗಲಕ್ಷ್ಮಿಗೆ ಒಂದು ಮಾತು ಹೇಳಿಕೊಟ್ಟಳು. ಮಗು ತೀರಾ ನೀಲಿಗಟ್ಟಿ ಮೇಲುಸಿರು ಬಿಟ್ಟರೆ ಗಾಬರಿಯಾಗಬೇಡಿ. ಮಗುವನ್ನು ಸಮಾಧಾನ ಮಾಡಿ, ಮೊಣಕಾಲು ಮಡಿಸಿ ಎದೆಗೆ ಒತ್ತಿ ಹಿಡಿದು, ತಡಮಾಡದೆ ಆಸ್ಪತ್ರೆಗೆ ಹೊರಡಿ.

ಮಂಚಯ್ಯ ಆ ಊರಿನ ನೀರುಗಂಟಿ. ಅವನ ತಾತನ ಕಾಲದಿಂದ ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡುವ ಮನೆತನ. ಮರುವಾರ ಹಾಸನದ ಆಸ್ಪತ್ರೆಯ ಕೋಣೆಯೊಂದರಲ್ಲಿ ಸಂಘಮಿತ್ರಾಳ ಎದೆಯ ಮೇಲೆ ಡಾಕ್ಟರು ಸಾಬೂನು ಬಿಲ್ಲೆಯಂಥದ್ದನ್ನು ಒತ್ತಿ ಹಿಡಿದಾಗ, ಎದುರಿನ ಪರದೆಯಲ್ಲಿ ಅವನಿಗೆ ಕಂಡದ್ದು ನೀರು. ಕೆಂಪು ನೀರು, ನೀಲಿ ನೀರು. ಪುಟ್ಟ ಪುಟ್ಟ ಬಾಗಿಲುಗಳು ತೆರೆದವು, ಮುಚ್ಚಿದವು, ತೆರೆದವು. ಅಂಗೈಯಲ್ಲಿ ಮುಚ್ಚಿಡಬಹುದಾದ ಕೆರೆ.

"ಇದು ಯಾವಾಗಿಂದ ನಡೀತಾ ಅದೆ ಸಾ?"

"ಹುಟ್ಟೋಕೆ ಮುಂಚಿನಿಂದ."

"ಒಂದಿನಾನೂ ನಿಂತಿಲ್ವಾ?"

"ಒಂದು ನಿಮಿಷಾನೂ ನಿಂತಿಲ್ಲ."

ಮಂಚಯ್ಯ ತಲೆಯ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

ಡಾಕ್ಟರು ಬಿಡಿಸಿ ಹೇಳತೊಡಗಿದರು. "ಹೃದಯದ ಒಳಗೆ ನಡುಗೋಡೆ ಇರುತ್ತೆ. ಈ ಕಡೆ ಕೆಟ್ಟ ರಕ್ತ, ಆ ಕಡೆ ಶುದ್ಧ ರಕ್ತ. ಇವಳಿಗೆ ಗೋಡೆಯಲ್ಲಿ ದೊಡ್ಡ ತೂತಿದೆ."

"ಏರಿ ಒಡೆದದೆ."

"ಕೆಟ್ಟ ರಕ್ತ ಶುದ್ಧ ಆಗೋಕೆ ಶ್ವಾಸಕೋಶಕ್ಕೆ ಹೋಗಬೇಕು. ಆ ದಾರಿ ಕಿರಿದಾಗಿದೆ."

"ಕಾಲುವೇಲಿ ಊಳು ತುಂಬದೆ. ಅದ್ಕೆ ಒಡೆದಿರೋ ಕಡೆಯಿಂದ ಒಳ್ಳೇ ನೀರ್ಗೆ ಬೆರೀತದೆ. ಬುಡಿ ಸಾ, ಗೊತ್ತಾಯ್ತು. ಆದ್ರೆ ಕೂರದ್ಯಾಕೆ?"

ಡಾಕ್ಟರು ಕುರ್ಚಿ ತಿರುಗಿಸಿ ಅವನನ್ನೇ ನೋಡಿದರು. "ಕುಕ್ಕರಗಾಲಲ್ಲಿ ಕೂತರೆ ಕಾಲಿನ ಕಡೆ ಹರಿಯೋ ರಕ್ತಕ್ಕೆ ತಡೆ ಬೀಳುತ್ತೆ. ಆಗ ಶ್ವಾಸಕೋಶಕ್ಕೆ ಒಂದಿಷ್ಟು ಹೆಚ್ಚು ಹೋಗುತ್ತೆ, ಉಸಿರು ಸರಿಹೋಗುತ್ತೆ. ಯಾರೂ ಹೇಳಿಕೊಟ್ಟದ್ದಲ್ಲ. ಮಗು ತಾನೇ ಕಂಡುಕೊಂಡಿದೆ."

ಮಂಚಯ್ಯನಿಗೆ ಮೈ ಜುಮ್ಮೆಂದಿತು. ಕೆಳಗಿನ ಕಾಲುವೆಗೆ ಅಡ್ಡ ಕಟ್ಟಿ ಮೇಲಿನ ಗದ್ದೆಗೆ ನೀರೇರಿಸುವ ಕೆಲಸ! ಅದು ಕೈಗೆ ಹತ್ತಲು ಅವನಿಗೆ ಹತ್ತು ವರ್ಷ ಹಿಡಿದಿತ್ತು. ಈ ಮಗು ನಡೆಯಲು ಕಲಿತ ದಿನದಿಂದ, ಒಬ್ಬಳೇ, ಯಾರಿಗೂ ಹೇಳದೆ, ಡೈರಿಯ ಮುಂದೆ, ಜಗಲಿಯ ಮುಂದೆ ಕೂತು ಅದನ್ನೇ ಮಾಡುತ್ತಿತ್ತು. ಊರು ಬೆಲ್ಲ ಕೊಡುತ್ತಿತ್ತು.

ಆಪರೇಷನ್ ಬೆಂಗಳೂರಿನಲ್ಲಿ ಎಂದಾಯಿತು. ರೇಷನ್ ಕಾರ್ಡು, ಆಧಾರ್, ತಾಯಿ ಕಾರ್ಡು ಎಲ್ಲವನ್ನೂ ನೇತ್ರಾವತಿಯೇ ಹೊಂದಿಸಿ ಕೊಟ್ಟಳು. ಸರ್ಕಾರದ ಯೋಜನೆಯಲ್ಲಿ ಮಗುವಿನ ಆಪರೇಷನ್ ಉಚಿತವಾಯಿತು. ಆದರೆ ಹೊರಡುವ ಹಿಂದಿನ ಸಂಜೆ ಮೋಹನ್‌ಕುಮಾರನೇ ಕುಸಿದು ಕೂತ.

"ಹೃದಯ ನಿಲ್ಲಿಸ್ತಾರಂತೆ ಅಪ್ಪ. ನಿಂತ ಮೇಲೆ ಮಗು ಎಂಗೆ ಇರ್ತದೆ? ನಂಗೆ ಸೈನ್ ಹಾಕಕ್ಕೆ ಕೈ ಬರಕಿಲ್ಲ."

ಇಷ್ಟು ದಿನ ಬೇಡವೆಂದವನು ಮಂಚಯ್ಯ. ಈಗ ಅವನೇ ಮಗನ ಪಕ್ಕ ಕೂತ.

"ಲೇ, ನೀರು ಅರೀತಿರೋವಾಗ ಒಡೆದ ಏರಿ ಕಟ್ಟಕ್ಕಾಯ್ತದೇನ್ಲಾ? ತೂಬು ಮುಚ್ಬೇಕು, ನೀರ್ನ ಪಕ್ಕದ ಕಾಲುವೆಗೆ ತಿರುಗುಸ್ಬೇಕು, ಆಮೇಲೆ ಗುದ್ಲಿ ಆಕ್ಬೇಕು. ಅಲ್ಲೂ ಅಂಗೇ. ರಕ್ತಾನ ಎದೆ ಕೆಲಸ ಮಾಡೋ ಯಂತ್ರದ ಕಡೆ ತಿರುಗುಸ್ತಾರಂತೆ. ಗದ್ದೆ ಒಣಗಕಿಲ್ಲ ಕಣ್ಲಾ."

ಹೇಳಿದ್ದು ಧೈರ್ಯವಾಗಿಯೇ. ಆದರೆ ಮರುದಿನ ಬಸ್ಸು ಚನ್ನರಾಯಪಟ್ಟಣದಲ್ಲಿ ನಿಂತಾಗ ಟೀಗೆ ಎರಡೆರಡು ಸಲ ದುಡ್ಡು ಕೊಟ್ಟು, ಟೀ ಕುಡಿಯದೆಯೇ ಬಂದು ಸೀಟಿನಲ್ಲಿ ಕೂತ. ಮಗು ಮಡಿಲಲ್ಲಿ ಕೂತು ನಕ್ಕಿತು.

ಆಪರೇಷನ್ ದಿನ ಐದು ಗಂಟೆ ಕಾದರು. ನಾಗಲಕ್ಷ್ಮಿ ಮಗುವಿನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಮೋಹನ್‌ಕುಮಾರ್ ಗೋಡೆಯ ಮೇಲಿನ ಸೂಚನೆಗಳನ್ನೆಲ್ಲ ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದುತ್ತಿದ್ದ. ಮಂಚಯ್ಯನಿಗೆ ಒಂದೇ ಯೋಚನೆ: ಒಳಗೆ ಆ ಪಕ್ಕದ ಕಾಲುವೆ ನೋಡಿಕೊಳ್ಳುತ್ತಿರುವವರು ಯಾರು? ಅವನೂ ತೂಬು ಬಿಟ್ಟು ಅಲುಗದವನು. ಅಲುಗದೆ ಏನು ಕಳೆದುಕೊಂಡೆ ಎಂಬುದೂ ಅವನಿಗೆ ಗೊತ್ತು.

ಕೊನೆಗೆ ಬಾಗಿಲು ತೆರೆಯಿತು. ಡಾಕ್ಟರು ಬಂದು, ಆಪರೇಷನ್ ಚೆನ್ನಾಗಿ ಆಯಿತು, ಮಗುವಿನ ಹೃದಯ ತಾನೇ ಬಡಿಯುತ್ತಿದೆ ಎಂದರು. ನಾಗಲಕ್ಷ್ಮಿ ಅಲ್ಲೇ ನೆಲಕ್ಕೆ ಕೂತಳು. ಮಂಚಯ್ಯ ಕೇಳಿದ: "ಸಾ, ಆ ಯಂತ್ರ ನೋಡ್ಕತಿದ್ದೋರು ಯಾರು?"

ಹಿಂದೆಯೇ ಬರುತ್ತಿದ್ದ ಹಸಿರು ಟೋಪಿಯ ತೆಳ್ಳನೆಯ ಹುಡುಗಿಯ ಕಡೆ ಡಾಕ್ಟರು ಕೈ ತೋರಿಸಿದರು. ನೋಡಿದರೆ ಕಾಲೇಜಿಗೆ ಹೋಗುವವಳ ಹಾಗಿದ್ದಳು.

"ಎಷ್ಟೊತ್ತು ಕಣವ್ವ, ಕಣ್ಣು ಮಿಟುಕಿಸ್ದಂಗೆ?"

"ಎರಡೂವರೆ ಗಂಟೆ ತಾತ," ಎಂದಳು ಆಕೆ ನಗುತ್ತ.

ಎರಡೂವರೆ ಗಂಟೆ ಅವನ ಮೊಮ್ಮಗಳ ಜೀವ ಈ ಹುಡುಗಿಯ ಕೈಯಲ್ಲಿ ಹರಿದಿತ್ತು. ಎಂಥ ಮಳೆಗಾಲದಲ್ಲೂ ಯಾರಿಗೂ ಬಗ್ಗದ ನೀರುಗಂಟಿ ಮಂಚಯ್ಯ ಎರಡೂ ಕೈ ಜೋಡಿಸಿದ. ಗಾಬರಿಯಾಗಿ ಆಕೆಯೂ ಕೈ ಮುಗಿದಳು. ನೋಡುವವರಿಗೆ ಯಾರು ಯಾರಿಗೆ ನಮಸ್ಕಾರ ಮಾಡುತ್ತಿದ್ದಾರೆಂದು ತಿಳಿಯುವಂತಿರಲಿಲ್ಲ.

ಮೂರನೆಯ ದಿನ ಅವನನ್ನು ಒಳಗೆ ಬಿಟ್ಟರು. ಮಗು ದಿಂಬಿಗೆ ಒರಗಿತ್ತು. ಎದೆಯ ಮೇಲೆ ಪಟ್ಟಿ. ಮಂಚಯ್ಯ ತುಟಿ ನೋಡಿದ. ಕೆಂಪಗಿತ್ತು. ಬೆಳಿಗ್ಗೆ ಅರಳಿದ ದಾಸವಾಳದ ಹಾಗೆ ಕೆಂಪು. ಉಗುರೂ ಕೆಂಪು. ಆ ಮುಖದಲ್ಲಿ ಅವನು ತನ್ನ ತಾಯಿಯನ್ನು ಹುಡುಕಿದ. ಎಲ್ಲೂ ಇರಲಿಲ್ಲ. ದುಃಖವಾಗಬಹುದೆಂದು ಕಾದ. ಅದೂ ಬರಲಿಲ್ಲ. ಇದುವರೆಗೆ ಯಾರೂ ಕಂಡಿರದ ಹೊಸ ಮನುಷ್ಯಳೊಬ್ಬಳು ಅವನನ್ನೇ ದಿಟ್ಟಿಸಿ ನೋಡುತ್ತಿದ್ದಳು.

"ಯಾರವ್ವ ನೀನು?" ಎಂದ ಮೆಲ್ಲಗೆ.

ಮಗು ಅಂಗನವಾಡಿಯಲ್ಲಿ ಹೇಳಿಕೊಟ್ಟಿದ್ದ ಹಾಗೆ ಗಟ್ಟಿಯಾಗಿ ಹೇಳಿತು: "ನನ್ನ ಹೆಸರು ಸಂಘಮಿತ್ರಾ. ಬೆಲ್ಲ ಎಲ್ಲಿ ತಾತ?"

"ಕೊಡುಸ್ತೀನಿ ಬಾ, ಸಂಘಮಿತ್ರಾ," ಎಂದ ಮಂಚಯ್ಯ. ಆ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

ಓದುವ, ಕೇಳುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈಗ ಮನೆಗೆ ಹೋಗಿ ನಿಮ್ಮ ಮಕ್ಕಳನ್ನು ಒಮ್ಮೆ ನಿಜವಾಗಿ ನೋಡಿ. ತುಟಿ, ನಾಲಿಗೆ, ಉಗುರು ನೀಲಿಯೇ? ಹಾಲು ಕುಡಿಯುವಾಗ ಸುಸ್ತಾಗಿ ಬೆವರುತ್ತದೆಯೇ? ಓರಗೆಯ ಮಕ್ಕಳು ಓಡುವಾಗ ನಿಮ್ಮದು ನಡುವೆ ಕೂರುತ್ತದೆಯೇ? ಇದಕ್ಕೆ ಅಜ್ಜಿಯೂ ಕಾರಣವಲ್ಲ, ದೃಷ್ಟಿಯೂ ಅಲ್ಲ, ತಾಯಿಯ ತಪ್ಪಂತೂ ಖಂಡಿತ ಅಲ್ಲ. ಆಶಾ ಕಾರ್ಯಕರ್ತೆಗೆ ಇಂದೇ ತಿಳಿಸಿ. ಅಂಗನವಾಡಿಗೆ ಡಾಕ್ಟರ ತಂಡ ಬಂದ ದಿನ ಮಗುವನ್ನು ಕೆರೆಯ ಕಡೆಗೆ ಕರೆದೊಯ್ಯಬೇಡಿ. ಸರ್ಕಾರದ ಯೋಜನೆಗಳಿವೆ, ಆಸ್ಪತ್ರೆಯಲ್ಲಿ ಕೇಳಿ ತಿಳಿದುಕೊಳ್ಳಿ. ಆಪರೇಷನ್ ಆದ ಮೇಲೂ ಡಾಕ್ಟರು ಹೇಳಿದ ದಿನ ತಪ್ಪದೆ ತೋರಿಸಿ. ಮಂಚಯ್ಯ ಈಗ ಆ ದಿನಾಂಕವನ್ನು ತೂಬಿನ ಕಲ್ಲಿನ ಮೇಲೆ ಸುಣ್ಣದಲ್ಲಿ ಬರೆದಿಡುತ್ತಾನೆ.

ಇನ್ನು ಆ ದೊಡ್ಡ ಪ್ರಶ್ನೆ. ಡೈರಿಯ ಪಕ್ಷ, ಜಗಲಿಯ ಪಕ್ಷ ಎರಡೂ ಸೋತವು. ದೊಡ್ಡಯ್ಯ ಬೆಲ್ಲ ಹಿಡಿದು ಅವಳ ಹಿಂದೆ ನಡೆಯಬೇಕಾಗಿದೆ. ಸಂಘಮಿತ್ರಾ ಈಗ ಎಲ್ಲೂ ಕೂರುವುದಿಲ್ಲ.