ಎಲೆಯ ಪುಟ, ಬೇರಿನ ಡಬ್ಬಿ

ಅಣ್ಣನಿಗೆ ಮಂಡಿನೋವು, ತಂಗಿಗೆ ಗಿಡಮೂಲಿಕೆ ಅಂಗಡಿ. ಇನ್ನೇನು ಬೇಕಿತ್ತು? ಆದರೆ ಹೃದಯದ ಆಪರೇಷನ್ ಆದಮೇಲೆ ಅಣ್ಣ ರಕ್ತ ಹೆಪ್ಪುಗಟ್ಟದಿರಲೆಂದು ದಿನಕ್ಕೊಂದು ಮಾತ್ರೆ ನುಂಗುತ್ತಿದ್ದ. ನೋವಿನ ಪುಡಿ ಅದಕ್ಕೆ ಹೊಂದುತ್ತದೋ ಇಲ್ಲವೋ, ಇಪ್ಪತ್ತೆರಡು ವರ್ಷ ಅದನ್ನೇ ಮಾರಿದ ತಂಗಿಗೂ ಗೊತ್ತಿರಲಿಲ್ಲ.

"ಊರಿಗೆಲ್ಲ ಕೊಡ್ತೀಯ, ನನಗೆ ಮಾತ್ರ ಮೀನಮೇಷ ಎಣಿಸ್ತೀಯಲ್ಲೇ!"

"ವಿಚಾರಿಸ್ತೀನಿ, ತಾಳು. ಅಲ್ಲೀವರೆಗೂ ಪುಡಿ ಡಬ್ಬಿ ಮುಟ್ಟಬೇಡ."

ಫೋನಿನಲ್ಲಿ ಹುಡುಕಿದರೆ ಹತ್ತು ಜನ ಅದನ್ನು ಅಮೃತವೆಂದಿದ್ದರು. ಅವರಲ್ಲಿ ಒಂಬತ್ತು ಜನ ಅದನ್ನೇ ಮಾರುವವರು. ಆ ಧಾಟಿ ಅವಳಿಗೆ ಹೊಸದಲ್ಲ, ತಾನೂ ದಿನಾ ಆಡುವುದೇ. ಹಾಗಾಗಿ ಹತ್ತು ದಿನದ ಮೇಲೆ ಬಿಡುವು ಮಾಡಿಕೊಂಡು ಕಾಲೇಜಿನ ಲೈಬ್ರರಿಗೆ ಹೋದಳು. ಅಲ್ಲಿನ ಹೆಂಗಸು ಸಂಶೋಧನೆಗಳನ್ನು ಒಟ್ಟುಮಾಡಿಟ್ಟ ಜಾಲತಾಣವೊಂದನ್ನು ತೆರೆದುಕೊಟ್ಟು, "ಪರೀಕ್ಷೆ ಇಲಿ ಮೇಲೋ ಮನುಷ್ಯರ ಮೇಲೋ, ಅದನ್ನ ಮೊದಲು ನೋಡಿ" ಎಂದಳು.

ಗಿಡ ಅದೇ. ಪರೀಕ್ಷೆ ಮನುಷ್ಯರ ಮೇಲೆ. ರಕ್ತದ ಮಾತ್ರೆಯೊಂದಿಗೆ ತೊಂದರೆ ಕಂಡಿಲ್ಲ. ನಿರಾಳವಾಗಿ ಪ್ರಿಂಟ್ ತೆಗೆಸಿದಳು.

"ಅಕ್ಕಾ, ನೀವು ಮಾರೋದು ಎಲೆನಾ?" ಲೈಬ್ರರಿಯಾಕೆ ಪುಟದ ಮೇಲೆ ಬೆರಳಿಟ್ಟಳು.

"ಎಲೆ ಯಾರಿಗೆ ಬೇಕು? ಬೇರು."

"ಇದು ಎಲೆ ಬಗ್ಗೆ ಬರೆದಿರೋದು."

ಪುಡಿ ಮಾಡಲು ಅಂಗಡಿಗೆ ಬರುತ್ತಿದ್ದುದು ಒಣಗಿದ ಬೇರು ಮಾತ್ರ. ಆ ಗಿಡಕ್ಕೆ ಎಲೆಯೂ ಇದೆ, ಅದರೊಳಗಿನ ರಾಸಾಯನಿಕ ಬೇರಿನದಲ್ಲ ಎಂದು ಅವಳು ಯೋಚಿಸಿಯೇ ಇರಲಿಲ್ಲ. ಬೇರಿನ ಪುಟ ಇನ್ನೊಂದಿತ್ತು: ರಕ್ತ ತೆಳುಮಾಡುವ ಅಂಶವಿದೆ, ಇಂಥ ಮಾತ್ರೆ ನುಂಗುತ್ತಿದ್ದ ಮೂವರಿಗೆ ರಕ್ತಸ್ರಾವವಾಗಿದೆ. ಅದನ್ನೂ ಪ್ರಿಂಟ್ ತೆಗೆಸಿಕೊಂಡಳು.

ಅಂಗಡಿಗೆ ಬಂದರೆ ಅಣ್ಣ ಸ್ಟೂಲಿನ ಮೇಲೆ, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದ.

"ಏನಾಯ್ತು?"

"ಏನಿಲ್ಲ. ಹೊಸ ಬ್ರಷ್ ಗಟ್ಟಿ. ಮೂರು ದಿನದಿಂದ ವಸಡಲ್ಲಿ ರಕ್ತ."

ಅವಳ ಕಣ್ಣು ಡಬ್ಬಿಯ ಕಡೆ ಹೋಯಿತು. ಒಂದೇ ಕೈಯಲ್ಲಿ ತೆಗೆಯಲು ಅನುಕೂಲವಾಗಲೆಂದು ಅವಳು ಮುಚ್ಚಳವನ್ನು ಸುಮ್ಮನೆ ಮೇಲಿಡುವವಳು. ಈಗ ಅದನ್ನು ಯಾರೋ ತಿರುಗಿಸಿ ಬಿಗಿದಿದ್ದರು.

"ಎಷ್ಟು ದಿನದಿಂದ ತಗೋತಿದ್ದೀಯ?"

"ಒಂದು ವಾರ," ಎಂದ ಅಣ್ಣ, ನೆಲ ನೋಡುತ್ತ. "ಮಂಡಿಗೇನೋ ಹಾಯಾಗಿದೆ ಕಣೇ."

ಬೈಯಲು ಆಮೇಲೆ ಬೇಕಾದಷ್ಟು ಪುರುಸೊತ್ತಿತ್ತು. ಬೇರಿನ ಪುಟವನ್ನು ಮಡಿಚಿ, ಡಬ್ಬಿಯ ಸಮೇತ ಚೀಲಕ್ಕೆ ಹಾಕಿಕೊಂಡು, "ಡಾಕ್ಟರ ಹತ್ರ ಹೋಗೋಣ, ಏಳು" ಎಂದು ಶಟರ್ ಎಳೆದಳು.

"ಡಾಕ್ಟರ ಹತ್ರ ಡಬ್ಬಿ ಯಾಕೇ?"

"ಅವರೂ ಎಲೆ ಅಂದ್ಕೊಂಡುಬಿಟ್ಟರೆ? ನಡಿ."