ಮರಿಯ ಬೆನ್ನಿನ ಎತ್ತರ

ಮೂರನೆಯ ಸಲ ಫ್ಯೂಸ್ ಹಾರಿದಾಗ ತಂಗಿ ಅಣ್ಣನ ಮುಖದ ಮೇಲಿನ ಗಾಜನ್ನು ಒರೆಸುತ್ತಿದ್ದಳು. ಶವ ಇಟ್ಟಿದ್ದ ತಂಪುಪೆಟ್ಟಿಗೆಯ ಗೊರಗೊರ ನಿಂತಿತು. ಹಿತ್ತಲಿನ ಶೆಡ್ಡಿನಲ್ಲಿ ಕಾವಿಗೆ ಹಾಕಿದ್ದ ಬಲ್ಬುಗಳು ಆರಿ, ಇನ್ನೂರು ಕೋಳಿಮರಿಗಳು ಒಟ್ಟಿಗೇ ಕಿರುಚತೊಡಗಿದವು.

“ಪೆಟ್ಟಿಗೆ, ಬಲ್ಬು ಎರಡನ್ನೂ ಈ ಲೈನು ತಡ್ಕೊಳಲ್ಲ ಅಕ್ಕಾ,” ಎಂದ ಕರೆಂಟಿನವನು. “ಯಾವ್ದಾದ್ರೂ ಒಂದು ಹೇಳಿ.”

“ಸಂಜೆವರೆಗೆ ಹೇಗಾದ್ರೂ ಮಾಡಪ್ಪಾ. ದೊಡ್ಡಣ್ಣ ರೈಲಲ್ಲಿದಾನೆ, ಆರು ಗಂಟೆಗೆ ಬರ್ತಾನೆ. ಒಂದ್ಸಲ ಮುಖ ನೋಡ್ಬೇಕು, ಇಟ್ಕೊಂಡಿರಿ ಅಂತ ಗೋಗರೆದಿದಾನೆ.”

“ಪಕ್ಕದ ಮನೆಯಿಂದ ವೈರ್ ಎಳೀಬಹುದಿತ್ತು. ಆದ್ರೆ ಪಕ್ಕದ ಮನೆ ಎಲ್ಲಿದೆ?”

ವೈರ್ ಎಳೆಯುವಷ್ಟು ಹತ್ತಿರದಲ್ಲಿ ಯಾರ ಮನೆಯೂ ಇರಲಿಲ್ಲ. ಮರಿಗಳಿಗೆ ಕಾವು ಕೊಡುವವನೆಂದು ಊರೆಲ್ಲ ಕಾವಣ್ಣ ಎಂದು ಕರೆಯುತ್ತಿದ್ದ ಈ ಸತ್ತ ಮನುಷ್ಯನ ಬಾಗಿಲು ತಟ್ಟುತ್ತಿದ್ದವರು ಇಬ್ಬರೇ. ಅಂಗಿ ಹೊಲಿಯುವ ಟೈಲರಮ್ಮ, ವಾರಕ್ಕೊಮ್ಮೆ ಮೇವು ತರುವ ಗಾಡಿಯವನು. ಇವತ್ತು ಹೊಸ್ತಿಲ ಬಳಿ ನಿಂತಿದ್ದವರೂ ಅವರಿಬ್ಬರೇ.

“ನಿನ್ನೆ ನಾನು ಬಂದಾಗ ಶೆಡ್ಡಲ್ಲಿ ಮಲಗಿದ್ದ,” ಎಂದ ಗಾಡಿಯವನು, ಅಲ್ಲಿಗೆ ನಾಲ್ಕನೆಯ ಸಲ. “ಥರ್ಮಾಮೀಟರ್ ನೋಡ್ತಿದಾನೆ ಅಂದ್ಕೊಂಡೆ. ಅದು ಮರಿ ಬೆನ್ನಿನ ಎತ್ತರಕ್ಕೇ ಇರ್ಬೇಕು ಅಂತ ಅಷ್ಟು ಕೆಳಗೆ ಕಟ್ಟಿದ್ದ, ಮಲಗೇ ನೋಡ್ಬೇಕು. ನಾಲ್ಕು ಚೀಲ ಇಳಿಸೋವರೆಗೂ ಮಾತಾಡಿಸ್ತಾನೇ ಇದ್ದೆ. ಯಾವಾಗ್ಲೂ ಉತ್ತರ ಕೊಡೋನಲ್ಲ ನೋಡಿ, ಅದಕ್ಕೇ ಜೀವ ಹೋಗಿದೆ ಅಂತ ಗೊತ್ತಾಗ್ಲಿಲ್ಲ.”

ತಂಗಿ ಗಾಜು ಒರೆಸುತ್ತಿದ್ದ ಬಟ್ಟೆಯನ್ನು ಮಡಿಸಿಟ್ಟಳು.

“ಇದ್ದಿಲ ಒಲೆ ಇಡೋಣ್ವಾ?” ಎಂದ ಕರೆಂಟಿನವನು.

“ಎರಡು ದಿನದ ಮರಿಗಳಪ್ಪಾ,” ಎಂದಳು ಟೈಲರಮ್ಮ. “ಹೊಗೆ ಕುಡಿಸದೆ ಒಲೆ ಕಾಯೋಕೆ ಕಾವಣ್ಣನೇ ಬೇಕು. ಆ ಮದುವೆ ದಿನ ಕಾದಿದ್ನಲ್ಲ, ಹಾಗೆ.”

“ಯಾವ ಮದುವೆ?” ತಂಗಿ ತಿರುಗಿದಳು.

“ನಿಮ್ಮ ದೊಡ್ಡಣ್ಣನ ಮಗಳದು. ಈಗ ಅವನ ಮೈಮೇಲಿದೆಯಲ್ಲ, ಆ ಅಂಗಿ ಹೊಲಿದಿದ್ದೇ ಆ ಮದುವೆಗೆ.”

*

ಒಂಬತ್ತು ವರ್ಷದ ಹಿಂದಿನ ಮಾತು. ಮದುವೆಯ ಬೆಳಿಗ್ಗೆ ಟೈಲರಮ್ಮ ಗುಂಡಿ ಹಾಕಿ ಅಂಗಿ ತಂದಾಗ ಕಾವಣ್ಣ ಗಡ್ಡ ಬೋಳಿಸಿಕೊಂಡು, ತಲೆ ಬಾಚಿಕೊಂಡು ಮದುಮಗನ ಹಾಗೆ ತಯಾರಾಗಿದ್ದ. ಎರಡು ದಿನ ಮರಿ ನೋಡಿಕೊಳ್ಳಲು ಒಬ್ಬನನ್ನು ಗೊತ್ತುಮಾಡಿದ್ದ. ಅವನು ಕೈಕೊಟ್ಟ. ಬಸ್ಸಿಗೆ ಅರ್ಧ ಗಂಟೆ ಇರುವಾಗ ಕರೆಂಟೂ ಹೋಯಿತು.

ಮರಿಗಳು ಒಂದರ ಮೇಲೊಂದು ಬಿದ್ದು ಮೂಲೆಗೆ ಒತ್ತಿಕೊಂಡವು. ಅಡಿಯಲ್ಲಿದ್ದವು ಉಸಿರುಕಟ್ಟುತ್ತಿದ್ದವು. ಕಾವಣ್ಣ ಹೊಸ ಅಂಗಿಯಲ್ಲೇ ಇದ್ದಿಲು ಊದಿದ. ಒಲೆಯನ್ನು ಹೊರಗೆ ಹೊಗೆ ಬಿಡಿಸಿ, ಕೆಂಡವಾದ ಮೇಲೆ ಒಳಗೆ ತಂದ. ಕೆಂಡ ಕಳೆಗುಂದಿದಾಗ ಮತ್ತೆ ಹೊರಗೆ ಒಯ್ದ. ಸಂಜೆಯತನಕ ಅದೇ ಕೆಲಸ. ಕಿಡಿ ಹಾರಿ ಅಂಗಿಯ ಎಡತೋಳು ಸುಟ್ಟು ತೂತಾಯಿತು.

“ಇವತ್ತಾದ್ರೂ ಹೋಗಬಾರ್ದಿತ್ತಾ?” ಎಂದಿದ್ದಳು ಟೈಲರಮ್ಮ.

“ಅವುಗಳಿಗೆ ತಾಯಿ ಇಲ್ಲ,” ಎಂದಿದ್ದ ಅವನು. ಆ ದಿನ ಆಡಿದ್ದು ಅಷ್ಟೇ.

ಮರುದಿನ ದೊಡ್ಡಣ್ಣ ಫೋನಿನಲ್ಲಿ ಕೂಗಾಡಿದ. “ನಿನಗೆ ನಾವು ಹೆಚ್ಚೋ, ಆ ಮರಿಗಳು ಹೆಚ್ಚೋ?” ಕಾವಣ್ಣನಿಗೆ ಏನು ಹೇಳಬೇಕೋ ತೋಚಲಿಲ್ಲ. ಆ ಮೌನವನ್ನೇ ದೊಡ್ಡಣ್ಣ ಉತ್ತರ ಅಂದುಕೊಂಡ. ದೊಡ್ಡಣ್ಣನ ಕಡೆ ನಿಂತ ತಂಗಿಯೂ ಇತ್ತ ಕಾಲಿಡಲಿಲ್ಲ.

*

ತಂಗಿ ಗಾಜಿನೊಳಗೆ ಬಗ್ಗಿ ನೋಡಿದಳು. ಬೆಳಿಗ್ಗೆ ಅವನ ಟ್ರಂಕಿನ ತಳದಲ್ಲಿ ಸಿಕ್ಕ ಒಳ್ಳೆಯ ಅಂಗಿ ಇದೊಂದೇ. ತೂತು ಕಾಣದಿರಲೆಂದು ತೋಳು ಮಡಿಸಿದ್ದವಳೂ ಅವಳೇ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಎದ್ದು ಹೋಗಿ ಪೆಟ್ಟಿಗೆಯ ಪ್ಲಗ್ ಕಿತ್ತಳು.

“ಫ್ಯೂಸ್ ಹಾಕಪ್ಪಾ. ಬಲ್ಬು ಉರೀಲಿ. ಮಧ್ಯಾಹ್ನವೇ ಮಣ್ಣು ಮಾಡೋಣ.”

ಆಮೇಲೆ ಫೋನ್ ಮಾಡಿದಳು.

“ಈಗ್ಲೂ ಮರಿಗಳೇನಾ?” ದೊಡ್ಡಣ್ಣನ ದನಿ ಒಡೆಯಿತು. “ಸತ್ತ ಮೇಲೂ ಅವುಗಳೇನಾ?”

ಅವಳು ಅಂಗಿಯ ವಿಷಯ, ತೂತು ಮುಚ್ಚಲು ತೋಳು ಮಡಿಸಿದ ವಿಷಯ ಹೇಳಿದಳು. ಒಲೆಯ ವಿಷಯ ಹೇಳಿದಳು.

“ತೋಳು ಬಿಚ್ಚಿ ಬಿಡು,” ಎಂದ ದೊಡ್ಡಣ್ಣ. “ಮಡಿಸಿದ್ರೆ ಅವನಿಗೆ ಆಗ್ತಿರ್ಲಿಲ್ಲ. ಚಿಕ್ಕಂದಿನಿಂದ್ಲೂ.”

ಮಣ್ಣಿಗೆ ಹೋದವರು ಒಟ್ಟು ಆರು ಜನ, ಗುಂಡಿ ತೋಡಿದ ಇಬ್ಬರೂ ಸೇರಿ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು.

ಆರೂವರೆಗೆ ದೊಡ್ಡಣ್ಣ ಬಂದ. ಬ್ಯಾಗು ಹೆಗಲಿಂದ ಇಳಿಸಲಿಲ್ಲ. ಪೆಟ್ಟಿಗೆ ಇದ್ದ ಕಡೆ ಗುಡಿಸಿದ ನೆಲವನ್ನು ಸ್ವಲ್ಪ ಹೊತ್ತು ನೋಡಿ, ನೇರ ಶೆಡ್ಡಿಗೆ ನಡೆದ. ಬಲ್ಬುಗಳ ಕೆಳಗೆ ಮರಿಗಳು ಗುಂಪುಗೂಡದೆ ಹೊಟ್ಟಿನ ಮೇಲೆ ಹರಡಿಕೊಂಡಿದ್ದವು. ಪಕ್ಕದಲ್ಲಿ ಹೊಟ್ಟು ತುಂಬಿ ಹಾಸಿದ ಒಂದು ಗೋಣಿಚೀಲ. ಅದರ ಮೇಲೆ ಹೆಗಲಿನದೊಂದು, ಸೊಂಟದ್ದೊಂದು ತಗ್ಗು ಬಿದ್ದಿತ್ತು.

“ಎಷ್ಟಿದೆ ಕಾವು?” ತಂಗಿ ಬಾಗಿಲಲ್ಲಿ ನಿಂತು ಕೇಳಿದಳು.

“ಕಾಣ್ತಿಲ್ಲ.”

“ನಿಂತ್ರೆ ಕಾಣಲ್ಲ ದೊಡ್ಡಣ್ಣಾ.”

ಅವನು ಮಂಡಿಯೂರಿದ. ಆಮೇಲೆ ನಿಧಾನವಾಗಿ ಮಗ್ಗುಲಾಗಿ ಮಲಗಿದ. ತಮ್ಮನ ತಗ್ಗಿನಲ್ಲಿ ಅವನ ಹೆಗಲು ಕೂತಿತು. ಕೆನ್ನೆ ಚೀಲಕ್ಕೆ ತಾಗಿತು.

“ಎಷ್ಟಿದೆ?” ಅವಳು ಮತ್ತೆ ಕೇಳಿದಳು.

ಒಂದು ಮರಿ ಸುತ್ತ ಕಟ್ಟಿದ್ದ ತಗಡಿನ ಬೇಲಿಯ ಸಂದಿಯಿಂದ ನುಸುಳಿ ಬಂದು, ಅವನ ಮಡಿಸಿದ ಮೊಣಕೈ ಸಂದಿಗೆ ತೂರಿ, ಕಣ್ಣು ಮುಚ್ಚಿತು.